ಸಹಾಯ ಬೇಕು: ಕೊಸುಮೆಲ್‌ನಲ್ಲಿ ಒಂದು ಹಗಲು, ಎಲ್ಲಿಗೆ ಹೋಗೋದು?

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ, ಮಕ್ಕಳ ಜೊತೆ ಟೆಕ್ಸಾಸ್‌ನ ಗಾಲ್ವೆಸ್ಟನ್‌ನಿಂದ ಕ್ರೂಸ್ ಹೊರಟಿದ್ದೇವೆ. ಮೆಕ್ಸಿಕೋದ ಕೊಸುಮೆಲ್ ದ್ವೀಪದಲ್ಲಿ ಹಡಗು ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ನಿಲ್ಲುತ್ತೆ. ಅಪ್ಪನಿಗೆ ಸಮುದ್ರದ ಅಂಚಿನ ಮಾಯಾ ಅವಶೇಷಗಳಿರುವ ತುಲುಮ್ ನೋಡಲೇಬೇಕೆಂಬ ಆಸೆ. ಆದರೆ ಅದಕ್ಕೆ ಎದುರು ದಡದ ಪ್ಲಾಯಾ ದೆಲ್ ಕಾರ್ಮೆನ್ ಊರಿಗೆ ಫೆರಿಯಲ್ಲೇ ಮುಕ್ಕಾಲು ಗಂಟೆ, ಅಲ್ಲಿಂದ ರಸ್ತೆಯಲ್ಲಿ ಇನ್ನೊಂದು ಗಂಟೆ. ಅಮ್ಮನಿಗೆ ಮಂಡಿನೋವು, ಅಲೆಗೆ ಫೆರಿ ಕುಲುಕಿದರೆ ತಲೆಸುತ್ತು ಬೇರೆ. ನನಗಂತೂ ದ್ವೀಪದಲ್ಲೇ ಇರುವ ಸಾನ್ ಹೆರ್ವಾಸಿಯೊ ಸಾಕೆನಿಸಿದೆ. ಮಾಯಾ ಜನರ ಇಶ್‌ಚೆಲ್ ದೇವಿಯ ಕ್ಷೇತ್ರ ಅದು. ಅಲ್ಲಿ ವಯಸ್ಸಾದವರು ನಡೆಯುವಂಥ ದಾರಿ, ಕೂರೋಕೆ ನೆರಳು ಇದೆಯಾ? ಈಜು ಬಾರದ ಮಕ್ಕಳಿಗೆ ದ್ವೀಪದ ಚಂಕನಾಬ್ ಬೀಚ್ ಪಾರ್ಕ್‌ನಲ್ಲಿ ಲೈಫ್ ಜಾಕೆಟ್ ಹಾಕಿ ಸ್ನಾರ್ಕೆಲ್ (ಉಸಿರಾಟದ ಕೊಳವೆ ಹಾಕಿ ತೇಲುತ್ತಾ ನೀರೊಳಗೆ ನೋಡೋದು) ಮಾಡಿಸಬಹುದಾ? ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಟೆಕ್ಸಾಸ್‌ಗಿಂತ ಒಂದು ಗಂಟೆ ಮುಂದೆ, ಹಾಗಾದರೆ ಹಡಗು ಯಾವ ಸಮಯ ಹಿಡಿಯುತ್ತೆ? ಹಿರಿಯರನ್ನು ಕರ್ಕೊಂಡು ಹೋಗಿ ಬಂದವರು ದಯವಿಟ್ಟು ತಿಳಿಸಿ, ಈ ವಾರವೇ ಬುಕ್ ಮಾಡಬೇಕು.