ವಿಕಿಪೀಡಿಯಾದಲ್ಲಿ ರಾತ್ರಿ ಬರ್ದಿದ್ದು ಬೆಳಿಗ್ಗೆ ಮಾಯ, ಎಲ್ಲಿ ಎಡವಿದೆ?

ಬಸರಾಳು ಪಕ್ಕದೂರು:
ಎಲ್ರಿಗೂ ನಮಸ್ಕಾರ. ನಮ್ದು ಮಂಡ್ಯ ತಾಲೂಕು, ಬಸರಾಳು ಹತ್ರ ಸಣ್ಣ ಊರು. ಹೋದ್ವಾರ ಕನ್ನಡ ವಿಕಿಪೀಡಿಯಾದಲ್ಲಿ ಅಕೌಂಟ್ ಮಾಡ್ಕೊಂಡು ಬಸರಾಳು ಮಲ್ಲಿಕಾರ್ಜುನ ದೇವಸ್ಥಾನದ ಬಗ್ಗೆ ರಾತ್ರಿ ಹನ್ನೆರಡರ ತಂಕ ಕೂತು ಮೂರು ಪ್ಯಾರಾ ಬರ್ದೆ, ಹೊಯ್ಸಳರ ಕಾಲದ್ದು, 1234ನೇ ಇಸವೀದು, ನೋಡೋಕೆ ಎರಡು ಕಣ್ಣು ಸಾಲ್ದು ಅಂತೆಲ್ಲ, ಜೊತೇಲಿ ನಮ್ ತಾತ ಹೇಳ್ತಿದ್ದ ಒಂದು ಕತೇನೂ ಸೇರಿಸ್ದೆ. ಮಧ್ಯದ ಪ್ಯಾರಾ ಒಂದು ಬ್ಲಾಗಿಂದ ಎತ್ಕೊಂಡಿದ್ದು, ಸುಳ್ಯಾಕೆ ಹೇಳ್ಲಿ. ಬೆಳಿಗ್ಗೆ ಡೈರಿಗೆ ಹಾಲಾಕ್ಬಂದು ನೋಡ್ತೀನಿ, ಒಂದಕ್ಷರ ಇಲ್ಲ! ತಪ್ಪು ನಂದೇ ಇರ್ಬೋದು, ಎಲ್ಲಿ ಅಂತ ಹೇಳ್ಕೊಡಿ.

ಒಂಟಿಕೊಪ್ಪಲು ಅಂಕಲ್:
ಬೇಜಾರ್ ಮಾಡ್ಕೋಬೇಡಿ, ಮೊದಲ್ನೇ ಸಲ ನಂದೂ ಹಿಂಗೇ ಆಗಿತ್ತು. ಪುಟದ ಮೇಲ್ಗಡೆ 'ಇತಿಹಾಸ' ಅಂತ ಇರತ್ತೆ, ಒತ್ತಿ. ಯಾರು, ಎಷ್ಟೊತ್ತಿಗೆ, ಏನು ಬದಲಾಯಿಸಿದ್ರು ಎಲ್ಲ ಸಾಲಾಗಿ ಕಾಣ್ಸತ್ತೆ, ತೆಗೆದೋರು ಪಕ್ಕದಲ್ಲಿ ಒಂದು ಸಾಲು ಕಾರಣ ಬರ್ದಿರ್ತಾರೆ. ಬ್ಲಾಗಿಂದ ಎತ್ತಿದ್ದೇ ಕಾರಣ ಇರತ್ತೆ ಅನ್ಸತ್ತೆ. ಅದು ಇನ್ನೊಬ್ರ ಹಕ್ಕಿನ ಬರಹ, ಓದಿ ಅರ್ಥ ಮಾಡ್ಕೊಂಡು ನಿಮ್ ಮಾತಲ್ಲೇ ಬರೀಬೇಕು, ನಾಲ್ಕು ಪದ ಆಚೀಚೆ ಮಾಡಿದ್ರೆ ಸಾಲ್ದು. ಆಮೇಲೆ ಆ 'ಎರಡು ಕಣ್ಣು ಸಾಲ್ದು' ಬೇಡ ಸ್ವಾಮಿ. ಹೊರಗೋಡೆ ಮೇಲೆ ರಾಮಾಯಣ, ಮಹಾಭಾರತದ ಕತೆ ಕೆತ್ತಿದ್ದಾರೆ ಅಂತ ಬರೀರಿ, ಕಣ್ಣು ಸಾಲುತ್ತೋ ಇಲ್ವೋ ಓದೋರು ನೋಡ್ಕೋತಾರೆ.

ಕೆಂಪು ಕೊಂಡಿ:
ತಾತನ ಕತೆ ನಂಗಂತೂ ಓದ್ಬೇಕು ಅನ್ನಿಸ್ತು, ಆದ್ರೆ ವಿಕಿಪೀಡಿಯಾಗೆ ಅದು ಆಧಾರ ಆಗಲ್ಲ, ಯಾವ್ದಾದ್ರೂ ಪುಸ್ತಕದಲ್ಲೋ ಪತ್ರಿಕೇಲೋ ಅಚ್ಚಾಗಿದ್ರೆ ಹಾಕ್ಬೋದು. 1234 ಅಂದ್ರಲ್ಲ, ಎಲ್ಲಿದೆ ಅದು? ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಮಂಡ್ಯ ಕಡೆ ಶಾಸನಗಳಿರೋ ಸಂಪುಟ ಹುಡುಕಿ ಪುಟ ಸಂಖ್ಯೆ ಸಮೇತ ಉಲ್ಲೇಖ ಕೊಡಿ, ಆಮ್ಯಾಕೆ ಸುಮ್ಸುಮ್ನೆ ಯಾರೂ ಕಿತ್ತಾಕಲ್ಲ. ಇನ್ನೊಂದು ದಾರಿ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಆ 14 ಸಂಪುಟದ್ದು. 2014ರಲ್ಲಿ ಅದನ್ನ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೆಳಗೆ ಬಿಟ್ರು, ಹಾಗಾಗಿ ಅದರ ಬರಹಾನ ಎಲ್ಲಿಂದ ಬಂತು ಅಂತ ಹೆಸ್ರು ಹಾಕಿ ಬಳಸ್ಬೋದು. ಕನ್ನಡ ವಿಕಿಸೋರ್ಸಲ್ಲಿ, ಅಂದ್ರೆ ಮುಕ್ತವಾಗಿ ಬಿಟ್ಟಿರೋ ಪುಸ್ತಕಗಳನ್ನ ಇಟ್ಟಿರೋ ವಿಕಿ ತಾಣದಲ್ಲಿ ಹುಡುಕಿ ನೋಡಿ.

ನೇರವಾಗಿ ಪುಟದ ಮೇಲೆ ಕೈ ಹಾಕೋ ಮೊದ್ಲು 'ಪ್ರಯೋಗಪುಟ'ದಲ್ಲಿ ಆಟ ಆಡಿ. ಅದು ನಿಮ್ದೇ ಜಾಗ, ಹೆಂಗೆ ಗೀಚಿದ್ರೂ ನಡಿಯತ್ತೆ. [[ಶಿವನಸಮುದ್ರ]] ಅಂತ ಎರಡು ಚೌಕ ಬ್ರಾಕೆಟ್ ಹಾಕಿದ್ರೆ ಕೊಂಡಿ ಆಗತ್ತೆ, ನೀಲಿ ಬಂದ್ರೆ ಪುಟ ಇದೆ, ಕೆಂಪು ಬಂದ್ರೆ ಇನ್ನೂ ಯಾರೂ ಬರ್ದಿಲ್ಲ. ನನ್ ಹೆಸ್ರು ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ 😄

ವಿ.ಸಿ. ನಾಲೆ:
ಏನ್ ಗುರು, ಅವ್ರು ಹಾಲಾಕ್ಬಂದು ಕೂತವ್ರೆ, ನೀವು ಶಾಸನ ಓದುಸ್ತಿದೀರ! ಮೊದ್ಲು ನಿಮ್ಮೂರಿನ ಪುಟದಲ್ಲಿ ಕಾಗುಣಿತ ತಿದ್ದಿ ಸಾಕು. ನಾನು ಆರು ತಿಂಗ್ಳು ಬರೀ ಒತ್ತಕ್ಷರ ತಿದ್ಕೊಂಡೇ ಇದ್ದೆ, ಒಂದೂ ವಾಪಸ್ ಆಗ್ಲಿಲ್ಲ. ಟೈಪಿಂಗ್ ಕಷ್ಟ ಆದ್ರೆ ಬರೆಯೋ ಜಾಗದಲ್ಲೇ ಕನ್ನಡ ಕೀಲಿಮಣೆ ಸಿಗತ್ತೆ, ಕಂಟ್ರೋಲ್ ಜೊತೆ ಎಮ್ ಒತ್ತಿದ್ರೆ ಆನ್, ಮತ್ತೆ ಒತ್ತಿದ್ರೆ ಆಫ್. ಅರಳಿ ಕಟ್ಟೆ ಅಂತ ಪುಟ ಇದೆ, ಅಲ್ಲೂ ಕೇಳ್ಬೋದು, ಕೊನೇಲಿ ~ ಚಿಹ್ನೆ ನಾಲ್ಕು ಸಲ ಹಾಕಿ, ನಿಮ್ ಸಹಿ ತಾನಾಗೇ ಬರತ್ತೆ.

ಬಸರಾಳು ಪಕ್ಕದೂರು:
ಇತಿಹಾಸ ನೋಡ್ದೆ. 'ನಕಲು ಪಠ್ಯ, ಆಧಾರವಿಲ್ಲ' ಅಂತ ಬರ್ದವ್ರೆ, ನ್ಯಾಯಾನೇ ಬುಡಿ. ಮೂರು ಪ್ಯಾರಾ ಹೋಗಿ ಈಗ ನಾಲ್ಕು ಸಾಲು ಆಗದೆ, ನಾಕೂ ಉಲ್ಲೇಖದ ಸಮೇತ. ಎರಡು ದಿನ ಆಯ್ತು, ಹಂಗೇ ಅದೆ. ಒಂದು ಫೋಟೋ ಹಾಕ್ಬೇಕು, ಗೂಗಲ್ಲಿಂದ ತಗೋಬೋದಾ?

ಒಂಟಿಕೊಪ್ಪಲು ಅಂಕಲ್:
ಅಯ್ಯೋ ಬೇಡ! ಪಕ್ಕದೂರಲ್ವಾ, ಬೆಳಿಗ್ಗೆ ಡೈರಿಯಿಂದ ಹಂಗೇ ಹೋಗಿ ಮೊಬೈಲಲ್ಲಿ ನೀವೇ ತೆಗೀರಿ, ವಿಕಿಮೀಡಿಯಾ ಕಾಮನ್ಸಿಗೆ (ವಿಕಿಪೀಡಿಯಾದ ಫೋಟೋಗಳನ್ನ ಇಡೋ ತಾಣ) ಅಪ್ಲೋಡ್ ಮಾಡಿ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಕೆತ್ತನೆ ಚೆನ್ನಾಗಿ ಕಾಣ್ಸತ್ತೆ.