ಆಟಗಾರರ ಖರ್ಚಿನ ಸಮೀಕ್ಷೆಯನ್ನು ನಂಬಿ ಆಟಕ್ಕೆ ಬೆಲೆ ಕಟ್ಟಬಹುದೇ? ಅನುಭವಸ್ಥರು ದಯವಿಟ್ಟು ತಿಳಿಸಿ

ಕೆಂಗೇರಿ ಸ್ಟುಡಿಯೊ:
ಎಲ್ಲರಿಗೂ ನಮಸ್ಕಾರ. ನಾವು ಮೂವರು ಸೇರಿ ಪಿಸಿಗಾಗಿ ಒಂದು ಒಗಟಿನ ಆಟವನ್ನು ಸಿದ್ಧಪಡಿಸುತ್ತಿದ್ದೇವೆ. ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಭಾರತದ ಬೆಲೆಯನ್ನು ₹349 ಇಡಬೇಕೋ ₹599 ಇಡಬೇಕೋ ಎಂಬ ಚರ್ಚೆ ಮುಗಿಯುತ್ತಲೇ ಇಲ್ಲ. ಭಾರತೀಯ ಆಟಗಾರರ ಖರ್ಚಿನ ಬಗ್ಗೆ ಸಂಶೋಧನಾ ಸಂಸ್ಥೆಯೊಂದು ಮಾರುತ್ತಿರುವ ವರದಿಯನ್ನು ₹1,10,000 ಕೊಟ್ಟು ಕೊಳ್ಳೋಣ ಎಂಬುದು ನಮ್ಮಲ್ಲೊಬ್ಬರ ಹಟ. ಇನ್ನೊಬ್ಬರು ಅಮೆರಿಕದ ಸರ್ಕಾನಾ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆಯ 2025ರ ಸಮೀಕ್ಷೆಯನ್ನು ಮುಂದಿಡುತ್ತಾರೆ. ಅಲ್ಲಿನ ಆಟಗಾರರಲ್ಲಿ ತಿಂಗಳಿಗೊಂದಕ್ಕಿಂತ ಹೆಚ್ಚು ಆಟ ಕೊಳ್ಳುವವರು ಶೇಕಡಾ 4 ಮಾತ್ರ ಮತ್ತು ಸುಮಾರು ಮೂರನೇ ಒಂದು ಭಾಗದ ಜನ ಆಟ ಕೊಳ್ಳುವುದೇ ಇಲ್ಲ ಎಂದು ಅದು ಹೇಳುತ್ತದೆಯಂತೆ. ಇಂತಹ ಸಮೀಕ್ಷೆಗಳನ್ನು ನಂಬಿ ನಡೆದವರು, ನಂಬದೆ ನಡೆದವರು ತಮ್ಮ ಅನುಭವವನ್ನು ಹಂಚಿಕೊಂಡರೆ ಉಪಕಾರವಾಗುತ್ತದೆ.

ಮೊಬೈಲ್ ಆಟದ ಹಳಬ:
ಕೊಳ್ಳಬೇಡಿ ಸರ್. ನಾನು ಹಿಂದೆ ಕೊಂಡ ವರದಿಯ ಬೆಲೆ ₹1,85,000, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ₹33,300, ಹೀಗೆ ಒಟ್ಟು ₹2,18,300 ಖಾತೆಯಿಂದ ಹೋಯಿತು. ಕರ್ನಾಟಕ ಮತ್ತು ತೆಲಂಗಾಣದ ಅಂಕಿಗಳನ್ನು ಬೇರ್ಪಡಿಸಿ ಕೊಡಿ ಎಂದಾಗ ಅದಕ್ಕೆ ಇನ್ನೂ ₹60,000 ಆಗುತ್ತದೆ ಎಂದರು. ಮೂಲ ಉತ್ತರಗಳ ಕಡತವನ್ನು ಕೇಳಿದಾಗ ಅದು 'ನೀತಿಯಲ್ಲಿಲ್ಲ' ಎಂದರು. ಬಂದದ್ದು ಬಣ್ಣಬಣ್ಣದ ವೃತ್ತಗಳ ಪಿಡಿಎಫ್. ಅದರಲ್ಲಿ ಗೇಮಿಂಗ್ ಎಂಬ ಒಂದೇ ಹೆಸರಿನಡಿ ರಮ್ಮಿ, ಫ್ಯಾಂಟಸಿ ಕ್ರಿಕೆಟ್, ಪೋಕರ್ ಎಲ್ಲವೂ ಸೇರಿದ್ದವು. ಹಣ ಕಟ್ಟಿ ಆಡುವವನು ಮೇಜಿನ ಮೇಲಿಡುವ ದುಡ್ಡನ್ನೂ ಹುಡುಗನೊಬ್ಬ ಆಟದ ಪಾತ್ರಕ್ಕೆ ಸ್ಕಿನ್ (ಹೊಸ ವೇಷ) ಕೊಳ್ಳುವ ದುಡ್ಡನ್ನೂ ಕೂಡಿಸಿ ಸರಾಸರಿ ತೆಗೆಯುವುದೆಂದರೆ, ಜಾತ್ರೆಯ ತೇರಿನ ಹರಕೆ ಹಣವನ್ನೂ ಬತ್ತಾಸಿನ ಅಂಗಡಿಯ ವ್ಯಾಪಾರವನ್ನೂ ಒಂದೇ ಪುಸ್ತಕದಲ್ಲಿ ಬರೆದಂತೆ.

ಇದು ಒಂದು ವರದಿಯ ಕಥೆಯಲ್ಲ. ಲುಮಿಕೈ ಹೂಡಿಕೆ ಸಂಸ್ಥೆಯು 2023-24ರ ಭಾರತದ ಗೇಮಿಂಗ್ ಮಾರುಕಟ್ಟೆಯನ್ನು 380 ಕೋಟಿ ಡಾಲರ್ ಎಂದು ಅಂದಾಜಿಸಿತ್ತು. ಅದರಲ್ಲಿ 240 ಕೋಟಿ ಡಾಲರ್ ಹಣ ಕಟ್ಟಿ ಆಡುವ ಆಟಗಳದ್ದು ಎಂದು ಅವರೇ ಬೇರೆಯಾಗಿ ಬರೆದಿದ್ದರು. ಆದರೆ ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು 380 ಮಾತ್ರ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ ಹಣ ಕಟ್ಟುವ ಆಟಗಳನ್ನು ನಿಷೇಧಿಸಿದ ಮೇಲೆ, ಹಳೆಯ ಸಮೀಕ್ಷೆಗಳ ಸರಾಸರಿ ಖರ್ಚು ಯಾವ ಗ್ರಾಹಕನದ್ದು ಎಂದು ಯಾರಾದರೂ ನನಗೆ ವಿವರಿಸಲಿ.

ದಾವಣಗೆರೆಯ ಸಂದರ್ಶಕಿ:
ಹಳಬರು ಪಿಡಿಎಫ್ ನೋಡಿ ಸಿಟ್ಟಾಗಿದ್ದಾರೆ. ಆ ಪಿಡಿಎಫ್‌ಗೆ ಉತ್ತರಗಳು ಎಲ್ಲಿಂದ ಬರುತ್ತವೆ ಎಂಬುದನ್ನು ನಾನು ಹೇಳುತ್ತೇನೆ. ನಾನು ಗುತ್ತಿಗೆಯ ಮೇಲೆ ಫೋನ್ ಮತ್ತು ಮನೆಮನೆ ಸಮೀಕ್ಷೆ ಮಾಡಿದವಳು. ಪೂರ್ಣಗೊಂಡ ಪ್ರಶ್ನಾವಳಿಯೊಂದಕ್ಕೆ ₹40 ಸಿಗುತ್ತಿತ್ತು. ಅರ್ಧದಲ್ಲಿ ಫೋನ್ ಇಟ್ಟರೆ ಏನೂ ಇಲ್ಲ. ಬಸ್ಸಿನ ಖರ್ಚು ನಮ್ಮದೇ. 18ರಿಂದ 24 ವಯಸ್ಸಿನ ಹುಡುಗರ ಕೋಟಾ ಬೆಳಗ್ಗೆಯೇ ತುಂಬಿಬಿಡುತ್ತಿತ್ತು. 35 ದಾಟಿದ ಹೆಂಗಸರಲ್ಲಿ ಆಟ ಆಡುವವರನ್ನು ಹುಡುಕಿ ಮಾತನಾಡಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಕ್ಯಾಂಡಿ ಜೋಡಿಸುವುದನ್ನು, ಲೂಡೊವನ್ನು ಅವರು ಆಟವೆಂದೇ ಎಣಿಸುವುದಿಲ್ಲ. 'ನೀವು ಗೇಮ್ ಆಡುತ್ತೀರಾ' ಎಂದರೆ ಇಲ್ಲವೆನ್ನುತ್ತಾರೆ, 'ಫೋನಿನಲ್ಲಿ ಹೊತ್ತು ಕಳೆಯಲು ಏನು ಮಾಡುತ್ತೀರಿ' ಎಂದರೆ ಮೂರು ಆಟಗಳ ಹೆಸರು ಹೇಳುತ್ತಾರೆ.

ಖರ್ಚಿನ ಪ್ರಶ್ನೆ ಬಂದಾಗ ಅಪ್ಪ ಪಕ್ಕದಲ್ಲಿ ಕುಳಿತಿದ್ದರೆ ಹುಡುಗನ ಉತ್ತರ ಸೊನ್ನೆ. ಗೆಳೆಯರು ಸುತ್ತಲಿದ್ದರೆ ಅದೇ ಹುಡುಗನ ಉತ್ತರ ಸಾವಿರ ದಾಟುತ್ತದೆ. 'ಕಳೆದ ಮೂರು ತಿಂಗಳಲ್ಲಿ ಎಷ್ಟು' ಎಂದು ಕೇಳಿದರೆ ದಸರಾ ರಜೆಯಲ್ಲಿ ಮಾಡಿದ ಖರ್ಚನ್ನು ಶಿವರಾತ್ರಿಯ ಹೊತ್ತಿಗೂ ಸೇರಿಸಿ ಹೇಳುತ್ತಾರೆ. ಆದರೂ ಯಾರು ಆಡುತ್ತಾರೆ, ಯಾವ ಫೋನಿನಲ್ಲಿ ಆಡುತ್ತಾರೆ, ಯಾವ ಹೊತ್ತಿನಲ್ಲಿ ಆಡುತ್ತಾರೆ ಎಂಬ ಉತ್ತರಗಳು ಬಹುಮಟ್ಟಿಗೆ ನಿಜವಾಗಿರುತ್ತಿದ್ದವು. ಬಿಸಿಲಿನಲ್ಲಿ ಅಲೆದು ತಂದ ಆ ಉತ್ತರಗಳನ್ನು ಬಣ್ಣದ ವೃತ್ತ ಎಂದು ತಳ್ಳಿಹಾಕುವುದು ಸರಿಯಲ್ಲ.

ಕೂಪನ್ ಕುಮಾರ:
ಮೇಡಂ, ಈಗ ಬಿಸಿಲಿನಲ್ಲಿ ಅಲೆಯುವವರಿಗಿಂತ ಆನ್‌ಲೈನ್ ಪ್ಯಾನೆಲ್‌ಗಳೇ (ಕೂಪನ್ ಆಸೆಗೆ ಸಮೀಕ್ಷೆಗಳಿಗೆ ಉತ್ತರಿಸಲು ಹೆಸರು ಬರೆಸಿಕೊಂಡವರ ಗುಂಪುಗಳೇ) ಹೆಚ್ಚು, ಮತ್ತು ಆ ಪ್ಯಾನೆಲ್‌ಗಳಲ್ಲಿ ಉತ್ತರ ಕೊಡುವವನು ನಾನು. ಇಂಜಿನಿಯರಿಂಗ್ ಓದುವಾಗ ನನ್ನ ಮೊಬೈಲ್ ರೀಚಾರ್ಜ್ ಪೂರ್ತಿ ಅದರಿಂದಲೇ ನಡೆಯಿತು. ಹದಿನೈದು ನಿಮಿಷದ ಸಮೀಕ್ಷೆಗೆ ₹25ರ ಅಂಕಗಳು ಬರುತ್ತವೆ. ₹500 ಆಗುವವರೆಗೆ ಕೂಪನ್ ಕೊಡುವುದಿಲ್ಲ. ವರ್ಷ ದಾಟಿದರೆ ಅಂಕಗಳು ರದ್ದಾಗುತ್ತವೆ. ಒಮ್ಮೆ ₹480 ತಲುಪಿದಾಗ ನನ್ನ ಖಾತೆಯನ್ನು ಕಾರಣ ಹೇಳದೆ ಮುಚ್ಚಿದರು. ಆ ಹಣ ಇಂದಿಗೂ ಬಂದಿಲ್ಲ.

ಮೊದಲ ಪುಟದಲ್ಲಿ 'ಕಳೆದ ತಿಂಗಳು ಆಟಗಳಿಗೆ ಎಷ್ಟು ಖರ್ಚು ಮಾಡಿದಿರಿ' ಎಂದು ಕೇಳುತ್ತಾರೆ. ಏನೂ ಇಲ್ಲ ಎಂದು ಒತ್ತಿದರೆ 'ಧನ್ಯವಾದಗಳು, ಈ ಸಮೀಕ್ಷೆಗೆ ನೀವು ಅರ್ಹರಲ್ಲ' ಎಂಬ ಪುಟ ಬರುತ್ತದೆ, ಅಂಕ ಸೊನ್ನೆ. ₹1,000ರಿಂದ ₹2,000 ಎಂದು ಒತ್ತಿದವನಿಗೆ ಮುಂದಿನ ಪುಟ ತೆರೆಯುತ್ತದೆ. ಬಾಗಿಲನ್ನು ಹೀಗೆ ಕಟ್ಟಿದವರು ಅವರು. ನಾನು ತೆರೆಯುವ ಬಾಗಿಲಿನಿಂದ ಒಳಗೆ ಹೋದೆ, ಅದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ದಾವಣಗೆರೆಯ ಸಂದರ್ಶಕಿ:
ಸಂಕೋಚವಿಲ್ಲವೇ? ನಿಮ್ಮಂತಹವರ ದೆಸೆಯಿಂದಲೇ ನಾವು ದಿನಗಟ್ಟಲೆ ಕಲೆಹಾಕಿದ ಪ್ರಾಮಾಣಿಕ ಸೊನ್ನೆಗಳನ್ನು 'ಆನ್‌ಲೈನ್ ಅಂಕಿಗೆ ಹೊಂದುತ್ತಿಲ್ಲ' ಎಂದು ಮೇಲಿನವರು ತೆಗೆದುಹಾಕಿದರು. ನನ್ನ ₹40ಕ್ಕೂ ಕತ್ತರಿ ಬಿತ್ತು. ಸುಳ್ಳು ಉತ್ತರ ಕೊಟ್ಟು ಅದನ್ನು ಬುದ್ಧಿವಂತಿಕೆ ಎಂದು ಕರೆದುಕೊಳ್ಳಬೇಡಿ.

ಶಿವಮೊಗ್ಗದ ತಂದೆ:
ನಾನು ಆಟ ಮಾಡುವವನೂ ಅಲ್ಲ, ಆಡುವವನೂ ಅಲ್ಲ. ಆದರೆ ಖರ್ಚು ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರಿದೆ. ಮಗನಿಗೆ ಆನ್‌ಲೈನ್ ಪಾಠಕ್ಕೆಂದು ಕೊಟ್ಟ ಫೋನಿನಲ್ಲಿ ನನ್ನ ಕಾರ್ಡ್ ಉಳಿದಿತ್ತು. ₹29, ₹89, ₹89, ₹159, ₹449, ₹799 ಎಂದು ಚಿಲ್ಲರೆಯಾಗಿ ಹೋದ ಹಣ ಒಟ್ಟು ₹11,472. ಬ್ಯಾಂಕಿನ ಪಟ್ಟಿಯಲ್ಲಿ ಆಟದ ಹೆಸರೇ ಇರಲಿಲ್ಲ, ಆ್ಯಪ್ ಅಂಗಡಿಯ ಹೆಸರಿತ್ತು. ಹೆಂಡತಿ ಅದನ್ನು ಪಾಠದ ಚಂದಾ ಎಂದುಕೊಂಡಿದ್ದಳು. ಮರುಪಾವತಿಗೆ ಅರ್ಜಿ ಹಾಕಿದೆ. ₹799 ಮತ್ತು ₹449 ಮಾತ್ರ ವಾಪಸ್ ಬಂದವು, ಉಳಿದದ್ದಕ್ಕೆ ಅವಧಿ ಮೀರಿದೆ ಎಂದರು.

ಆ ತಿಂಗಳುಗಳಲ್ಲಿ ಯಾರಾದರೂ ಫೋನ್ ಮಾಡಿ 'ನಿಮ್ಮ ಮನೆಯಲ್ಲಿ ವಿಡಿಯೊ ಗೇಮ್‌ಗೆ ಎಷ್ಟು ಖರ್ಚಾಗುತ್ತದೆ' ಎಂದು ಕೇಳಿದ್ದರೆ ನಾನು ದೇವರಾಣೆಗೂ ಸೊನ್ನೆ ಎನ್ನುತ್ತಿದ್ದೆ. ಇದು ನಮ್ಮ ಮನೆಯೊಂದರ ಕಥೆಯಲ್ಲ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿಯು ಗ್ರಾಹಕರಿಗೆ 24.5 ಕೋಟಿ ಡಾಲರ್ ಹಿಂದಿರುಗಿಸಬೇಕು ಎಂಬ ಒಪ್ಪಂದವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳು ಮಾಡಿದ ಖರೀದಿಗಳೂ ಆ ದೂರಿನಲ್ಲಿದ್ದವು. ತಮ್ಮ ಖಾತೆಯಿಂದ ಹೋದದ್ದೇ ಗೊತ್ತಿಲ್ಲದವರನ್ನು ಯಾವ ಸಮೀಕ್ಷೆ ಎಣಿಸಿತು?

ಮಧ್ಯಾಂಕ ಮೇಷ್ಟ್ರು:
ಇಲ್ಲಿ ಪ್ರತಿಯೊಬ್ಬರೂ ತಮಗಾದ ಪೆಟ್ಟನ್ನು ಸಮೀಕ್ಷೆ ಎಂಬ ವಿಧಾನದ ಮೇಲೆ ಹೊರಿಸುತ್ತಿದ್ದಾರೆ. ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಸ್ಟುಡಿಯೊಗಳಿಗೆ ವರದಿ ಓದಿ ಹೇಳುವ ಕೆಲಸವನ್ನೂ ಮಾಡುತ್ತೇನೆ.

ಆಕ್ಸ್‌ಫರ್ಡ್ ಇಂಟರ್ನೆಟ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಆಟಗಳ 3,274 ಮಂದಿ ಹೇಳಿದ್ದನ್ನು ಕಂಪನಿಗಳೇ ಕೊಟ್ಟ ದಾಖಲೆಯೊಂದಿಗೆ ಹೋಲಿಸಲಾಯಿತು. ಆಟಗಾರರು ತಾವು ಆಡಿದ ಹೊತ್ತನ್ನು ಸರಾಸರಿಯಲ್ಲಿ ಹೆಚ್ಚಿಸಿಯೇ ಹೇಳಿದ್ದರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಲಕ್ಷಗಟ್ಟಲೆ ಜನರಿಗೆ ಆಹ್ವಾನ ಕಳುಹಿಸಿದರೂ ಉತ್ತರಿಸಿದವರು ಅದರಲ್ಲಿ ತೀರಾ ಸಣ್ಣ ಪಾಲು. ಕಳೆದ ಎರಡು ವಾರ ಆಡಿದ ಹೊತ್ತೇ ಜನರಿಗೆ ನೆನಪಿರದಿದ್ದರೆ ಮೂರು ತಿಂಗಳ ರೂಪಾಯಿ ನೆನಪಿರುತ್ತದೆಯೇ? ಖರ್ಚಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಲೂಟ್ ಬಾಕ್ಸ್ (ಒಳಗೇನಿದೆ ಎಂದು ತಿಳಿಯದೆ ಆಟದೊಳಗೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ) ಕೊಳ್ಳುವವರ ಮೇಲಿನ ಹಲವು ಸಮೀಕ್ಷೆಗಳನ್ನು ಕೂಡಿಸಿ ನೋಡಿದ 2021ರ ವಿಶ್ಲೇಷಣೆಯಲ್ಲಿ, ಅತಿ ಹೆಚ್ಚು ಖರ್ಚು ಮಾಡುವ ಶೇಕಡಾ 5 ಜನರಿಂದಲೇ ಒಟ್ಟು ಆದಾಯದ ಸುಮಾರು ಅರ್ಧ ಬರುತ್ತಿತ್ತು. ಅಂತಹವರಲ್ಲಿ ನಾಲ್ವರು ನಿಮ್ಮ ಮಾದರಿಗೆ ಹೆಚ್ಚಾಗಿ ಸಿಕ್ಕರೆ ಸರಾಸರಿ ಏರುತ್ತದೆ, ಸಿಗದಿದ್ದರೆ ಕುಸಿಯುತ್ತದೆ; ಮಧ್ಯಾಂಕ, ಅಂದರೆ ಎಲ್ಲರ ಖರ್ಚನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ, ಮಾತ್ರ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಸರಾಸರಿ ಕೊಟ್ಟು ಮಧ್ಯಾಂಕ ಕೊಡದ ವರದಿಯನ್ನು ನಾನು ಮುಂದೆ ಓದುವುದಿಲ್ಲ.

ಕೆಂಗೇರಿಯವರೇ, ನೀವು ಕೊಳ್ಳಬೇಕೆಂದಿರುವ ವರದಿಗೆ 1,200 ಜನ ಉತ್ತರಿಸಿದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಪಿಸಿಯಲ್ಲಿ ಆಡುವವರು ಶೇಕಡಾ 9 ಇದ್ದರೆ 108 ಜನ. ಅವರಲ್ಲಿ ದುಡ್ಡು ಕೊಟ್ಟು ಆಟ ಕೊಂಡವರು ಮೂರನೇ ಒಂದು ಭಾಗವಾದರೆ 36 ಜನ. ಆ 36 ಜನರಲ್ಲಿ ಅರ್ಧದಷ್ಟು ಮಂದಿ ₹599 ಕೊಡುತ್ತೇವೆ ಎಂದರೆ, ಚೀಟಿ ಎತ್ತಿದಂತೆ ಆರಿಸಿದ ಯಾದೃಚ್ಛಿಕ ಮಾದರಿಯಲ್ಲೂ ನಿಜವಾದ ಪ್ರಮಾಣ ಶೇಕಡಾ 34ರಿಂದ 66ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸರ್ಕಾನಾದ ಅಂಕಿ ಅಮೆರಿಕದವರು ಎಷ್ಟು ಸಲ ಕೊಳ್ಳುತ್ತಾರೆ ಎಂಬುದಕ್ಕೆ ಉತ್ತರ. ನಿಮ್ಮ ಪ್ರಶ್ನೆ ಅದಲ್ಲವೇ ಅಲ್ಲ. ಹಣ ಕಟ್ಟುವ ಮೊದಲು ಪ್ರಶ್ನಾವಳಿಯ ಪೂರ್ಣ ಪ್ರತಿ ಮತ್ತು ಪ್ರತಿ ಕೋಷ್ಟಕದ ಕೆಳಗೆ ಉತ್ತರಿಸಿದವರ ಸಂಖ್ಯೆ, ಇವೆರಡನ್ನೂ ಕೇಳಿ.

ಮೊಬೈಲ್ ಆಟದ ಹಳಬ:
ಮೇಷ್ಟ್ರೇ, ವರದಿ ಓದಿ ಹೇಳುವುದಕ್ಕೆ ನೀವು ಎಷ್ಟು ತೆಗೆದುಕೊಳ್ಳುತ್ತೀರಿ ಎಂಬುದನ್ನೂ ಇಲ್ಲಿ ಬರೆಯಿರಿ. ₹2,18,300 ಕೊಟ್ಟು ಕೊಂಡವನಿಗೆ ಅದನ್ನು ಓದಿಸಿಕೊಳ್ಳಲು ಇನ್ನೊಬ್ಬರಿಗೆ ಕೊಡಬೇಕೆಂಬುದು ಒಳ್ಳೆಯ ವ್ಯಾಪಾರವೇ ಸರಿ.

ಮಧ್ಯಾಂಕ ಮೇಷ್ಟ್ರು:
ದಿನಕ್ಕೆ ₹6,000. ಮುಚ್ಚಿಡುವಂಥದ್ದೇನೂ ಇಲ್ಲ. ನೀವು ಕೊಳ್ಳುವ ಮೊದಲು ಕೇಳಿದ್ದರೆ ಉಚಿತವಾಗಿಯೇ ಬೇಡವೆನ್ನುತ್ತಿದ್ದೆ.

ಹುಬ್ಬಳ್ಳಿ ಡೆವಲಪರ್:
ಪಿಸಿ ಆಟವನ್ನು ನಿಜವಾಗಿ ಮಾರಿದವನು ಇಲ್ಲಿ ನಾನೊಬ್ಬನೇ ಎಂದು ಕಾಣುತ್ತದೆ. ನಾನು ಯಾವ ವರದಿಯನ್ನೂ ಕೊಳ್ಳಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಸ್ಟೀಮ್‌ಗೆ 100 ಡಾಲರ್ ಶುಲ್ಕ, ಅಂಗಡಿ ಪುಟದ ಚಿತ್ರಗಳಿಗೆ ₹18,000, ಚೀನಿ ಅನುವಾದಕ್ಕೆ ₹42,000, ಡಾಲರ್ ಬಂದಾಗಲೆಲ್ಲ ಬ್ಯಾಂಕಿನ ಕಡಿತ ಬೇರೆ. ಬೆಲೆಗಾಗಿ ಗೇಮಿಂಗ್ ಕೆಫೆಯ ಹುಡುಗರಿಗೆ ನಾನೇ ಪ್ರಶ್ನಾವಳಿ ಹಂಚಿದೆ. ಡಚ್ ಅರ್ಥಶಾಸ್ತ್ರಜ್ಞ ವಾನ್ ವೆಸ್ಟೆನ್‌ಡಾರ್ಪ್ 1976ರಲ್ಲಿ ರೂಪಿಸಿದ ನಾಲ್ಕು ಪ್ರಶ್ನೆಗಳವು: ಎಷ್ಟಿದ್ದರೆ ಗುಣಮಟ್ಟದ ಮೇಲೇ ಅನುಮಾನ, ಎಷ್ಟಿದ್ದರೆ ಅಗ್ಗ, ಎಷ್ಟಿದ್ದರೆ ದುಬಾರಿ, ಎಷ್ಟಿದ್ದರೆ ಬೇಡವೇ ಬೇಡ. ಹುಡುಗರು ₹700 ಧಾರಾಳವಾಗಿ ಕೊಡಬಹುದೆಂದರು. ನಾನು ₹499 ಇಟ್ಟೆ. ಆ ಹುಡುಗರಲ್ಲಿ ಹೆಚ್ಚಿನವರು ಶೇಕಡಾ 40 ರಿಯಾಯಿತಿ ಬರುವ ತನಕ ವಿಶ್‌ಲಿಸ್ಟ್‌ನಲ್ಲಿ ಇಟ್ಟುಕೊಂಡು ಕಾದರು.

ಲೆಕ್ಕ ನೋಡಿ. ₹499ರಲ್ಲಿ ಜಿಎಸ್‌ಟಿ ಒಳಗೇ ಇದೆ. ಅದನ್ನು ಕಳೆದರೆ ಸುಮಾರು ₹423. ಸ್ಟೀಮ್‌ನ ಶೇಕಡಾ 30 ಹೋದರೆ ₹296. ರಿಯಾಯಿತಿಯಲ್ಲಿ ₹299ಕ್ಕೆ ಮಾರಿದರೆ ಕೈಗೆ ಬರುವುದು ₹177. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಎಂಬ ನಿಯಮ ಬೇರೆ ಇದೆ. ಒಗಟಿನ ಆಟವನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿ 'ಬಹಳ ಚೆನ್ನಾಗಿದೆ' ಎಂದು ಬರೆದು ಹಣ ಹಿಂಪಡೆದ ಮಹನೀಯರನ್ನೂ ಕಂಡಿದ್ದೇನೆ. ಮೇಷ್ಟ್ರ ಮಧ್ಯಾಂಕ ಇದನ್ನೆಲ್ಲ ಹೇಳುತ್ತದೆಯೇ?

ಮಧ್ಯಾಂಕ ಮೇಷ್ಟ್ರು:
ಒಂದೇ ಕೆಫೆಯ ಗೆಳೆಯರನ್ನು ಕೇಳಿ, ಅವರು ದಾಕ್ಷಿಣ್ಯಕ್ಕೆ ಹೇಳಿದ್ದನ್ನು ಸಮೀಕ್ಷೆ ಎಂದು ಕರೆದು, ಅದು ಸುಳ್ಳಾದಾಗ ಶಾಸ್ತ್ರವನ್ನೇ ಬೈಯುವುದು ಯಾವ ನ್ಯಾಯ? ಆ ನಾಲ್ಕು ಪ್ರಶ್ನೆಗಳಲ್ಲಿ 'ಕೊಳ್ಳುತ್ತೀರಾ' ಎಂಬ ಪ್ರಶ್ನೆಯೇ ಇಲ್ಲ.

ಕೂಪನ್ ಕುಮಾರ:
₹700 ಎಂದ ಹುಡುಗರಿಗೆ ಚಹಾ ಆದರೂ ಕೊಡಿಸಿದ್ದಿರಾ? ನಮಗೆ ₹25 ಕೊಡುತ್ತಾರೆ.

ಕೆಂಗೇರಿ ಸ್ಟುಡಿಯೊ:
ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರು ಹೇಳಿದಂತೆ ಸಂಸ್ಥೆಗೆ ಬರೆದು ಕೇಳಿದೆವು. ಪ್ರಶ್ನಾವಳಿಯನ್ನು ಹಣ ಪಾವತಿಯಾದ ನಂತರವೇ ಕಳುಹಿಸುತ್ತಾರಂತೆ, ಪಿಸಿ ಆಟಗಾರರ ಸಂಖ್ಯೆ 'ಸಾಕಷ್ಟಿದೆ' ಎಂದು ಮಾತ್ರ ಉತ್ತರ ಬಂದಿದೆ. ಹೀಗಾಗಿ ವರದಿಯನ್ನು ಕೊಳ್ಳುತ್ತಿಲ್ಲ. ಬೆಲೆಯ ವಿಷಯದಲ್ಲಿ ಇಬ್ಬರು ₹449ಕ್ಕೆ ಬಂದಿದ್ದೇವೆ, ಒಬ್ಬರು ಇನ್ನೂ ₹599 ಬಿಟ್ಟಿಲ್ಲ.

ಹುಬ್ಬಳ್ಳಿ ಡೆವಲಪರ್:
₹449 ಎಂದರೆ ಕೈಗೆ ₹266, ಅದೂ ರಿಯಾಯಿತಿಗೆ ಮೊದಲು. ಆಟದ ಉದ್ದ ಎರಡು ಗಂಟೆ ದಾಟುತ್ತದೆಯೇ ಎಂಬುದನ್ನು ಮೊದಲು ಹೇಳಿ.