ಒಂದೇ ಗ್ರೀನ್‌ಹೌಸ್, ಮೂರು ತರದ ಸೌತೆ: ಒಂದರಲ್ಲಿ ಕಾಯಿ, ಎರಡರಲ್ಲಿ ಬರೀ ಮಿಡಿ ಉದುರೋದು

ಮಹಡಿತೋಟ_ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಹೋದ ವರ್ಷ ಮಹಡಿ ಮೇಲೆ ಬಯಲಲ್ಲೇ ಸೌತೆ ಹಾಕಿದ್ದೆ. ಹಣ್ಣು ನೊಣದ ಕಾಟಕ್ಕೆ ಒಂದು ಕಾಯಿಯೂ ನೆಟ್ಟಗೆ ಸಿಗಲಿಲ್ಲ. ಹೊರಗಿಂದ ನೋಡಿದರೆ ಚೆನ್ನಾಗಿರುತ್ತಿತ್ತು, ಹೆಚ್ಚಿದರೆ ಒಳಗೆಲ್ಲ ಹುಳ. ಅದಕ್ಕೇ ಈ ಸಲ ಗಟ್ಟಿ ಮನಸ್ಸು ಮಾಡಿ 12 ಅಡಿ ಉದ್ದ, 10 ಅಡಿ ಅಗಲದ ಒಂದು ಗ್ರೀನ್‌ಹೌಸ್ ಕಟ್ಟಿಸಿದೆ. ಜಿಐ ಪೈಪು, ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್ ಶೀಟು, ನಾಲ್ಕೂ ಕಡೆ 40 ಮೆಶ್ ನೆಟ್. ಒಂದು ಸೊಳ್ಳೆಯೂ ಒಳಗೆ ಬರಲ್ಲ.

ಫೆಬ್ರುವರಿ ಮೊದಲ ವಾರ ಬೀಜ ಹಾಕಿದೆ. ಸಾಗರದ ಅತ್ತೆ ಕೊಟ್ಟ ಮುಳ್ಳುಸೌತೆ 4 ಬಳ್ಳಿ, ಅಂಗಡಿಯಿಂದ ತಂದ ಮಂಗಳೂರು ಸೌತೆಯನ್ನೇ ಹೆಚ್ಚಿದಾಗ ತೆಗೆದಿಟ್ಟ ಬೀಜದ್ದು 2 ಬಳ್ಳಿ, ಪ್ಯಾಕೆಟ್ಟಲ್ಲಿ ಬರುವ ಬೀಜವಿಲ್ಲದ ಹೈಬ್ರಿಡ್ 5 ಬಳ್ಳಿ. ಎಲ್ಲವೂ 15 ಇಂಚಿನ ಗ್ರೋ ಬ್ಯಾಗಲ್ಲಿ. ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ.

ಹೈಬ್ರಿಡ್ ಮಾತ್ರ ಗೆಣ್ಣಿಗೊಂದು ಅನ್ನೋ ಹಾಗೆ ಕಾಯಿ ಬಿಡ್ತಿದೆ. ಮುಳ್ಳುಸೌತೆಯಲ್ಲಿ ಮಿಡಿ ಏನೋ ಬರುತ್ತೆ, ಕಿರುಬೆರಳಿನಷ್ಟು ಆಗುತ್ತೆ, ಆಮೇಲೆ ತುದಿಯಿಂದ ಹಳದಿಯಾಗಿ ಮುದುಡಿ ಬಿದ್ದುಹೋಗುತ್ತೆ. ನಾಲ್ಕು ಬಳ್ಳಿ ಸೇರಿ ಇಲ್ಲಿವರೆಗೆ ಸಿಕ್ಕಿದ್ದು ಎರಡೇ ಕಾಯಿ. ಅದರಲ್ಲೂ ಒಂದು ತೊಟ್ಟಿನ ಕಡೆ ವಿಪರೀತ ಕಹಿ. ಮಂಗಳೂರು ಸೌತೆ ನೆಲವೆಲ್ಲ ಹಬ್ಬಿಕೊಂಡು ಕಾಲಿಡೋಕೆ ಜಾಗ ಬಿಟ್ಟಿಲ್ಲ, ಕಾಯಿ ಸೊನ್ನೆ. ಇನ್ನೊಂದು ವಿಚಿತ್ರ ಅಂದ್ರೆ, ಮೊದಮೊದಲು ಹೈಬ್ರಿಡ್ ಕಾಯಿಗಳು ಅಳೆದು ಮಾಡಿದ ಹಾಗೆ ನೇರವಾಗಿದ್ದವು. ನಡುವೆ ಮೂರ್ನಾಲ್ಕು ಮಾತ್ರ ಬುಡ ದಪ್ಪವಾಗಿ ಸೋರೆ ಬುರುಡೆ ತರ ಆದವು, ಒಳಗೆ ಬೀಜವೂ ಇತ್ತು! ಮಂಗಳೂರು ಸೌತೆ ಜೊತೆ ಬೆರಕೆ ಆಗಿದೆಯಾ? ಕಹಿಗೂ ಅದೇ ಕಾರಣವಾ?

ಬಾಲ್ಕನಿ_ಬೇಸಾಯ

ಮಿಡಿ ಉದುರೋದಕ್ಕೆ ಬೋರಾನ್ ಕಮ್ಮಿ ಇರೋದೇ ಕಾರಣ ಸರ್. ಬೋರಾನ್, ಕ್ಯಾಲ್ಸಿಯಂ ಎರಡೂ ಸ್ಪ್ರೇ ಮಾಡಿ, ವಾರದಲ್ಲಿ ಸರಿಹೋಗುತ್ತೆ.

ಅಡಿಕೆತೋಟದ_ಅಕ್ಕ

ಬೋರಾನ್ ಪಾಡಿಗೆ ಬೋರಾನ್ ಇರಲಿ ಮಾರಾಯ್ರೇ. ಸೊಳ್ಳೆಯೂ ಬರದ ಮನೆಗೆ ಜೇನು ಎಲ್ಲಿಂದ ಬರಬೇಕು?

ತಮ್ಮಾ, ನಿಮ್ಮ ಅತ್ತೆ ಕೊಟ್ಟಿದ್ದು ನಾಟಿ ಬೀಜ. ಒಂದೇ ಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ ಬಿಡ್ತವೆ. ಹಿಂದೆ ಪುಟ್ಟ ಕಾಯಿ ಅಂಟಿಕೊಂಡಿದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಗಂಡಿನ ಹುಡಿ ಹೆಣ್ಣಿಗೆ ಮುಟ್ಟದೇ ಇದ್ದರೆ ಆ ಪುಟ್ಟ ಕಾಯಿ ನಾಲ್ಕು ದಿನ ಹಸಿರಾಗಿದ್ದು ನೀವು ಹೇಳಿದ ಹಾಗೇ ಹಳದಿಯಾಗಿ ಬೀಳ್ತದೆ. ನಮ್ಮಲ್ಲಿ ಮಳೆಗಾಲಕ್ಕೆ ಚಪ್ಪರ ಹಾಕಿ ಮುಳ್ಳುಸೌತೆ ಹಬ್ಬಿಸ್ತೇವೆ, ಯಾರೂ ಹೂವಿನ ತಲೆಬಿಸಿ ಮಾಡೋದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ತುಡುವೆ ಜೇನು, ಸಣ್ಣ ಮಿಸ್ರಿ ಜೇನು ಗುಂಯ್ ಅಂತಿರ್ತವೆ. ಅವು ಮಾಡೋ ಕೆಲಸ ನೀವೇ ಮಾಡಬೇಕು ಅಷ್ಟೇ.

ಬೆಳಗ್ಗೆ ಏಳರಿಂದ ಒಂಬತ್ತರೊಳಗೆ, ಅವತ್ತೇ ಅರಳಿದ ಗಂಡು ಹೂವು ಕೀಳಿ. ಎಸಳು ಹಿಂದಕ್ಕೆ ಸುಲಿದು ನಡುವಿನ ಹಳದಿ ಕಡ್ಡಿ ಮಾತ್ರ ಉಳಿಸಿಕೊಳ್ಳಿ. ಅದನ್ನ ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರಿ. ಅಲ್ಲಿ ಮೂರು ಭಾಗ ಕಾಣ್ತದೆ, ಮೂರಕ್ಕೂ ಹುಡಿ ತಾಗಬೇಕು. ಒಂದು ಬದಿಗೆ ಮಾತ್ರ ತಾಗಿದರೆ ಕಾಯಿ ಸೊಟ್ಟ ಆಗೋದುಂಟು. ಹೂವು ಒಂದೇ ದಿನದ್ದು, ನಾಳೆ ಮಾಡಿದರಾಯ್ತು ಅಂದುಕೊಂಡರೆ ಮುಗೀತು.

ಮಂಗಳೂರು ಸೌತೆಯನ್ನ ಆ ಪೆಟ್ಟಿಗೆಯೊಳಗೆ ಯಾಕೆ ಕೂಡಿಹಾಕಿದ್ರೋ ದೇವರೇ ಬಲ್ಲ. ಕರಾವಳಿಯಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಬಿಸಿಲಿಗೆ ನೆಲದ ಮೇಲೆ ಹರಡಿಕೊಂಡು ಬೆಳೆಯೋ ಬಳ್ಳಿ ಅದು.

ಪಾಲಿಹೌಸ್_ಮೇಸ್ತ್ರಿ

ಅಕ್ಕ ಹೇಳಿದ್ದು ಸರಿ. ಆದರೆ ಬುರುಡೆ ಕಾಯಿಯ ವಿಷಯ ನನಗೆ ಜಾಸ್ತಿ ಕುತೂಹಲ. ಮೊದಲು ಒಂದು ಪ್ರಶ್ನೆ. ನಡುವೆ ಯಾವಾಗಲಾದರೂ ಬಾಗಿಲು ತೆಗೆದಿಟ್ಟಿದ್ರಾ?

ಯಾಕೆ ಕೇಳಿದೆ ಅಂದ್ರೆ, ಆ ಬೀಜವಿಲ್ಲದ ಹೈಬ್ರಿಡ್‌ಗಳು ಪಾರ್ಥೆನೋಕಾರ್ಪಿಕ್ ತಳಿಗಳು. ಪರಾಗ ಇಲ್ಲದೆಯೇ ಕಾಯಿ ಕಟ್ಟುತ್ತವೆ. ಹೆಚ್ಚಿನವುಗಳಲ್ಲಿ ಬರೋದು ಬರೀ ಹೆಣ್ಣು ಹೂವೇ. ಪಾಲಿಹೌಸ್‌ನವರು ಜಾಸ್ತಿ ದುಡ್ಡು ಕೊಟ್ಟು ಈ ಬೀಜ ತರೋದು ಇದಕ್ಕೇ. ನೆಟ್ ಮುಚ್ಚಿ ಹುಳ ಹೊರಗಿಟ್ಟರೂ ಇಳುವರಿಗೆ ತೊಂದರೆ ಇಲ್ಲ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರ ಪೂಸಾ ಸೀಡ್‌ಲೆಸ್ ಕುಕುಂಬರ್-6 ಕೂಡ ಇದೇ ಜಾತಿ. ಇಂಥ ಬಳ್ಳಿಗೆ ಜೇನು ಬಂದು ಪಕ್ಕದ ನಾಟಿ ಸೌತೆಯ ಪರಾಗ ತಂದು ಹಾಕಿದರೆ ಒಳಗೆ ಬೀಜ ಕಟ್ಟುತ್ತೆ. ಬೀಜ ಇರುವ ಕಡೆ ಕಾಯಿ ಊದಿಕೊಳ್ಳುತ್ತೆ. ನಿಮ್ಮ ಬುರುಡೆ ಅದೇ.

ಮಂಗಳೂರು ಸೌತೆಯ ಮೇಲೆ ಅನುಮಾನ ಬೇಡ. ಹೆಸರು ಸೌತೆ ಅಷ್ಟೇ, ಅದು ಕರಬೂಜದ ಕುಲ. ಕೆಕ್ಕರಿಕೆ, ಇಬ್ಬುಡ್ಲ ಎಲ್ಲ ಅದರ ದಾಯಾದಿಗಳು. ನಾವು ಹಸಿ ತಿನ್ನೋ ಸೌತೆಗೆ 14 ಕ್ರೋಮೋಸೋಮು, ಅದಕ್ಕೆ 24. ಪಕ್ಕಪಕ್ಕ ಇಟ್ಟರೂ ಬೆರಕೆ ಆಗಲ್ಲ.

ಕಹಿಗೂ ಬೆರಕೆಗೂ ಸಂಬಂಧ ಇಲ್ಲ. ಬೆರಕೆಯಾದರೆ ಅದರ ಗುಣ ಆ ಕಾಯಿಯ ಬೀಜ ಹಾಕಿ ಬೆಳೆದಾಗ ಕಾಣುತ್ತೆ, ಈ ಕಾಯಿಯ ತಿರುಳಿನಲ್ಲಿ ಅಲ್ಲ. ಕಹಿ ಬರೋದು ಕುಕುರ್ಬಿಟಾಸಿನ್ ಅನ್ನೋ ಅಂಶದಿಂದ. ಅದು ತೊಟ್ಟಿನ ಹತ್ತಿರ, ಸಿಪ್ಪೆಯ ಕೆಳಗೆ ಜಾಸ್ತಿ. ಬಳ್ಳಿ ಬಿಸಿಲಲ್ಲಿ ಬಾಡಿ, ಆಮೇಲೆ ನೀರು ಕುಡಿದು, ಮತ್ತೆ ಬಾಡಿದರೆ ಏರುತ್ತೆ. ತಳಿಯ ಗುಣವೂ ಸ್ವಲ್ಪ ಇರುತ್ತೆ. ನನ್ನ ಪ್ರಕಾರ ನಿಮ್ಮ ಅಸಲು ತೊಂದರೆ ಮೇಲಿನ ಶೀಟು. ಮಹಡಿಯ ಕಾಂಕ್ರೀಟು ಕೆಳಗಿಂದ ಕಾಯುತ್ತೆ, ಶೀಟು ಮೇಲಿಂದ. ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಒಂದು ಥರ್ಮಾಮೀಟರ್ ನೇತುಹಾಕಿ ನೋಡಿ. 35 ದಾಟಿದರೆ ಪರಾಗವೇ ಸರಿಯಾಗಿ ಕೆಲಸ ಮಾಡಲ್ಲ, ನೀವು ಎಷ್ಟು ಸವರಿದರೂ ಅಷ್ಟೇ.

ಮಹಡಿತೋಟ_ಮೈಸೂರು

ಮೇಸ್ತ್ರಿ ಸರ್, ನೀವು ಕಣ್ಣಾರೆ ನೋಡಿದ ಹಾಗೆ ಹೇಳಿಬಿಟ್ರಿ! ಯುಗಾದಿಗೆ ನಾವು ನಾಲ್ಕು ದಿನ ಊರಿಗೆ ಹೋಗಿದ್ದೆವು. ಮನೆಯಲ್ಲಿ ಅಮ್ಮ ಒಬ್ಬರೇ. ಗಿಡ ಬೆಂದುಹೋಗುತ್ತೆ ಅಂತ ಹಗಲೆಲ್ಲ ಬಾಗಿಲು ತೆಗೆದಿಟ್ಟಿದ್ದರಂತೆ. ಈಗ ಲೆಕ್ಕ ಹಾಕಿದರೆ ಆ ಎರಡು ಮುಳ್ಳುಸೌತೆ, ಈ ಬುರುಡೆ ಕಾಯಿಗಳು ಎಲ್ಲ ಅದೇ ನಾಲ್ಕು ದಿನದ ಹೂವಿನವು ಇರಬೇಕು.

ಇನ್ನೊಂದು ವಿಷಯ ಹೇಳಬೇಕು, ನಗಬೇಡಿ. ಒಂದು ವಿಡಿಯೋದಲ್ಲಿ ಗ್ರೀನ್‌ಹೌಸ್ ಸೌತೆಯಲ್ಲಿ ಗಂಡು ಹೂವು ಕಂಡ ತಕ್ಷಣ ಚಿವುಟಬೇಕು, ಇಲ್ಲದಿದ್ದರೆ ಕಾಯಿ ಕಹಿಯಾಗುತ್ತೆ ಅಂತ ಹೇಳಿದ್ದರು. ನಾನು ದಿನಾ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಹೋಗಿ ಮುಳ್ಳುಸೌತೆ, ಮಂಗಳೂರು ಸೌತೆ ಎರಡರದ್ದೂ ಗಂಡು ಹೂವು ಒಂದೂ ಬಿಡದೆ ಚಿವುಟಿ ಬಕೆಟ್ಟಿಗೆ ಹಾಕ್ತಿದ್ದೆ. ಊರಿಗೆ ಹೋದ ನಾಲ್ಕು ದಿನ ಮಾತ್ರ ಚಿವುಟಿರಲಿಲ್ಲ.

ಥರ್ಮಾಮೀಟರ್ ಇಟ್ಟೆ. ಇವತ್ತು ಎರಡೂವರೆಗೆ 43.

ಅಡಿಕೆತೋಟದ_ಅಕ್ಕ

ನಗಬೇಡಿ ಅಂದ್ರೆ ಹ್ಯಾಗೆ! ಮದುಮಕ್ಕಳನ್ನೆಲ್ಲ ಬಕೆಟ್ಟಿಗೆ ಹಾಕಿ ಮದುವೆ ಯಾಕೆ ಆಗ್ತಿಲ್ಲ ಅಂತ ಕೇಳಿದ ಹಾಗಾಯ್ತು.

ಲೆಸ್ಟರ್_ಕನ್ನಡಿಗ

ಆ ಸಲಹೆ ಎಲ್ಲಿಂದ ಬಂತು ಅಂತ ನಾನು ಹೇಳ್ತೇನೆ. ನಾನಿರೋದು ಇಂಗ್ಲೆಂಡಿನಲ್ಲಿ, ಹಿತ್ತಿಲಲ್ಲಿ 8 ಅಡಿ 6 ಅಡಿಯ ಗಾಜಿನ ಮನೆ ಇದೆ. ಇಲ್ಲಿನ ಹಳೇ ಗ್ರೀನ್‌ಹೌಸ್ ಸೌತೆಗಳಲ್ಲಿ, ಉದಾಹರಣೆಗೆ ಟೆಲಿಗ್ರಾಫ್ ಅನ್ನೋ ತಳಿಯಲ್ಲಿ, ಪರಾಗ ಇಲ್ಲದೆಯೇ ಉದ್ದನೆಯ ಕಾಯಿ ಬರುತ್ತೆ. ಆದರೆ ಬಳ್ಳಿಯಲ್ಲಿ ಗಂಡು ಹೂವೂ ಬಿಡುತ್ತೆ. ಅದನ್ನ ಹಾಗೇ ಬಿಟ್ಟರೆ ಬೀಜ ಕಟ್ಟಿ ಕಾಯಿ ಊದಿ ರುಚಿ ಕೆಡುತ್ತೆ ಅಂತ ಇಲ್ಲಿಯವರು ತಲೆತಲಾಂತರದಿಂದ ಗಂಡು ಹೂವು ಚಿವುಟುತ್ತಾ ಬಂದಿದ್ದಾರೆ. ಈಗಿನ ಎಫ್1 ಅಂದ್ರೆ ಹೈಬ್ರಿಡ್ ತಳಿಗಳಲ್ಲಿ ಹೆಚ್ಚಿನವುಗಳಲ್ಲಿ ಬರೀ ಹೆಣ್ಣು ಹೂವೇ ಬರೋದರಿಂದ ಆ ಕೆಲಸವೂ ತಪ್ಪಿದೆ. ಅದೇ ಹೊರಗೆ ಬೆಳೆಯೋ ಮಾರ್ಕೆಟ್‌ಮೋರ್ ತರದವಕ್ಕೆ ಗಂಡು ಹೂವು ಬೇಕೇ ಬೇಕು. ಬೀಜದ ಪ್ಯಾಕೆಟ್ಟಿನ ಹಿಂದೆ ಇದು ಗಾಜಿನ ಮನೆಗೆ, ಇದು ಬಯಲಿಗೆ ಅಂತ ಬರೆದೇ ಇರುತ್ತೆ, ಎರಡನ್ನೂ ಒಟ್ಟಿಗೆ ಹಾಕಬೇಡಿ ಅಂತಲೂ ಹೇಳ್ತಾರೆ. ನಿಮ್ಮ ವಿಡಿಯೋದವರು ಅರ್ಧ ಮಾತ್ರ ಅನುವಾದ ಮಾಡಿದ್ದಾರೆ.

ನಮ್ಮ ಕಷ್ಟ ನಿಮ್ಮದಕ್ಕೆ ತದ್ವಿರುದ್ಧ. ಏಪ್ರಿಲ್‌ನಲ್ಲಿ ರಾತ್ರಿ ಚಳಿಗೆ ಸಸಿ ಸಾಯದಿರಲಿ ಅಂತ ಅಡುಗೆಮನೆ ಕಿಟಕಿಯಲ್ಲಿ ಇಟ್ಟುಕೊಂಡು ಕೂರಬೇಕು. ಮಂಗಳೂರು ಸೌತೆ ಇಲ್ಲಿ ಗಾಜಿನ ಮನೆಯೊಳಗೇ ಆಗಬೇಕು. ಹೋದ ಬೇಸಿಗೆಯಲ್ಲಿ ಬ್ರಶ್ಶಲ್ಲಿ ಪರಾಗ ಹಚ್ಚಿ ಮೂರು ಕಾಯಿ ಬೆಳೆದೆ. ಒಂದರಲ್ಲಿ ಹುಳಿ ಮಾಡಿದೆವು, ಉಳಿದೆರಡನ್ನ ಯಾರಿಗೂ ಕೊಡಲಿಲ್ಲ.

ಪಾಲಿಹೌಸ್_ಮೇಸ್ತ್ರಿ

43 ಅಂದ್ರೆ ಸೌತೆಗೆ ಒಲೆಯ ಪಕ್ಕ ಕೂತ ಹಾಗೆ. ಹಗಲು 25ರಿಂದ 30 ಇದ್ದರೆ ಅದಕ್ಕೆ ಹಿತ. ಶೀಟಿನ ಮೇಲೆ ಒಂದಡಿ ಎತ್ತರ ಬಿಟ್ಟು 50 ಪರ್ಸೆಂಟ್ ಶೇಡ್ ನೆಟ್ ಎಳೆಯಿರಿ. ಶೀಟಿಗೆ ತಾಗಿಸಿ ಹಾಕಿದರೆ ಅಷ್ಟು ಉಪಯೋಗ ಇಲ್ಲ. ನೆತ್ತಿಯಲ್ಲಿ ಬಿಸಿಗಾಳಿ ಹೋಗೋಕೆ ಒಂದು ಕಿಂಡಿ ಬೇಕು, ಅದಕ್ಕೂ ನೆಟ್ ಹೊಡೆಸಿ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಮೂರರ ಮೇಲೆ ಒಮ್ಮೆ ನೀರು ಕೊಡಿ. ಸಂಜೆ ಎಲೆ ನೆನೆಸಬೇಡಿ, ಬೂಜು ತುಪ್ಪಟ ರೋಗಕ್ಕೆ ಕರೆದು ಮಣೆ ಹಾಕಿದಂತೆ. ಎಲೆಯ ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ನುಸಿ. ಈ ಒಣ ಬಿಸಿಗೆ ಬಂದೇ ಬರುತ್ತೆ, ಕನ್ನಡಿ ಹಿಡಿದಾದರೂ ವಾರಕ್ಕೊಮ್ಮೆ ಅಡಿಭಾಗ ನೋಡ್ತಾ ಇರಿ.

ಹೈಬ್ರಿಡ್‌ನಲ್ಲಿ ಕೆಳಗಿನ ಐದಾರು ಗೆಣ್ಣಿನ ಕವಲು, ಮಿಡಿ ಎರಡೂ ತೆಗೀಬೇಕಿತ್ತು, ಮುಂದಿನ ಸಲ ಮಾಡಿ. ಬಳ್ಳಿಗೆ ಮೊದಲು ಮೈ ಬರಲಿ. ಒಂದೇ ಬಳ್ಳಿಯನ್ನ ದಾರಕ್ಕೆ ಸುತ್ತಿ ಮೇಲಕ್ಕೆ ಹತ್ತಿಸಿ. ನಾಟಿಗೆ ಈ ನಿಯಮ ಬೇಡ, ಅದರಲ್ಲಿ ಕವಲಿನಲ್ಲೇ ಹೆಣ್ಣು ಹೂವು ಜಾಸ್ತಿ.

ಕೊನೆಗೆ ಒಂದು ತೀರ್ಮಾನ ನೀವೇ ಮಾಡಬೇಕು. ಈ ಮನೆ ಹೈಬ್ರಿಡ್‌ಗಾ, ಮುಳ್ಳುಸೌತೆಗಾ? ಬಾಗಿಲು ಮುಚ್ಚಿಟ್ಟು ಮುಳ್ಳುಸೌತೆಗೆ ಕೈಯಾರೆ ಪರಾಗ ಹಚ್ಚುತ್ತೀರಿ ಅಂದ್ರೆ ಎರಡೂ ಇರಲಿ. ಬೆಳಗ್ಗೆ ಪುರುಸೊತ್ತಿಲ್ಲ ಅಂದ್ರೆ ನಾಟಿಯನ್ನ ಹೊರಗೆ ಹಾಕಿ, ಹಣ್ಣು ನೊಣಕ್ಕೆ ಕ್ಯೂ ಲ್ಯೂರ್ ಬಲೆ ಕಟ್ಟಿ, ವಾಸನೆಯಿಂದ ನೊಣ ಸೆಳೆಯೋ ಬಲೆ ಅದು. ಮಾವಿನ ತೋಟಕ್ಕೆ ಕಟ್ಟೋ ಬಲೆ ತರಬೇಡಿ, ಅದರ ವಾಸನೆಗೆ ಈ ನೊಣ ಬರಲ್ಲ. ಬಲೆಗೆ ಬೀಳೋದು ಗಂಡು ನೊಣ ಮಾತ್ರ. ಅದಕ್ಕೇ ಮಿಡಿ ನಿಂತ ಕೂಡಲೇ ಒಂದೊಂದಕ್ಕೂ ಕಾಗದದ ಚೀಲವನ್ನೂ ಕಟ್ಟಿ.

ಬಾಲ್ಕನಿ_ಬೇಸಾಯ

ಹಾಗಾದ್ರೆ ಬೋರಾನ್ ಬೇಡ್ವಾ? ನಾನು ಕಾಲು ಕೆಜಿ ತಂದಿಟ್ಟಿದ್ದೀನಿ 🙂 ಅಂದ ಹಾಗೆ ಮಿಡಿಸೌತೆ ಬೀಜ ಸಿಕ್ಕಿದೆ, ಗರ್ಕಿನ್ ಅಂತಾರಲ್ಲ, ಅದನ್ನ ಹಾಕಬಹುದಾ?

ಪಾಲಿಹೌಸ್_ಮೇಸ್ತ್ರಿ

ಹಾಕಿ, ಆದರೆ ದಿನಾ ಕೀಳೋಕೆ ತಯಾರಿರಿ. ಎರಡು ದಿನ ಬಿಟ್ಟರೆ ಮಿಡಿ ಹೋಗಿ ದಪ್ಪ ಕಾಯಿ ಆಗಿರುತ್ತೆ. ನಮ್ಮ ರೈತರು ಕಂಪನಿ ಕರಾರಿಗೆ ಬೆಳೆದು ಉಪ್ಪುನೀರಿನ ಡ್ರಮ್ಮಿನಲ್ಲಿ ಹೊರದೇಶಕ್ಕೆ ಕಳಿಸೋ ಬೆಳೆ ಅದು, ಇಲ್ಲಿ ತಿನ್ನೋರು ಕಮ್ಮಿ. ಉಪ್ಪಿನಕಾಯಿಗೆ ಚೆನ್ನಾಗಿರುತ್ತೆ. ಬೋರಾನ್ ವಿಷಯಕ್ಕೆ ಬಂದ್ರೆ, ಕಾಲು ಕೆಜಿ ನಿಮ್ಮ ಬಾಲ್ಕನಿಗೆ ಜೀವನ ಪೂರ್ತಿ ಸಾಕು. ಜಾಸ್ತಿ ಆದ್ರೆ ಎಲೆ ಅಂಚು ಸುಟ್ಟುಹೋಗುತ್ತೆ, ಹುಷಾರು.

ಮಹಡಿತೋಟ_ಮೈಸೂರು

ಹನ್ನೆರಡು ದಿನ ಆಯ್ತು, ಸಮಾಚಾರ ಹೇಳೋಣ ಅಂತ ಬಂದೆ.

ಶೇಡ್ ನೆಟ್ ಹಾಕಿಸಿದೆ, ನೆತ್ತಿಯಲ್ಲಿ ಕಿಂಡಿಯೂ ಆಯ್ತು. ಮಧ್ಯಾಹ್ನ ಈಗ 36ರ ಆಸುಪಾಸು. ಗಂಡು ಹೂವು ಚಿವುಟೋದು ನಿಲ್ಲಿಸಿದೆ. ದಿನಾ ಏಳೂವರೆಗೆ ಸವರೋ ಕೆಲಸ, ಅಮ್ಮನಿಗೂ ಹೇಳಿಕೊಟ್ಟೆ. ಸವರಿದ ಹೆಣ್ಣು ಹೂವಿನ ತೊಟ್ಟಿಗೆ ಅಮ್ಮ ಕೆಂಪು ಉಲ್ಲನ್ ದಾರ ಕಟ್ಟಿಡ್ತಾರೆ, ಗುರುತಿಗೆ. 11 ದಾರ ಕಟ್ಟಿದ್ದರಲ್ಲಿ 7 ನಿಂತಿವೆ. ಮೊದಲನೆಯದು ಆಗಲೇ ಗೇಣುದ್ದ ಆಗಿದೆ, ಮೈ ಮೇಲೆ ಸಣ್ಣ ಕಪ್ಪು ಮುಳ್ಳು, ಮುಟ್ಟಿದರೆ ಉದುರುತ್ತೆ. ಬಿದ್ದ ನಾಲ್ಕೂ ನಾನು ಸವರಿದವು, ಅಮ್ಮನದ್ದು ಒಂದೂ ಬಿದ್ದಿಲ್ಲ. ಮನೆಯಲ್ಲಿ ಈಗ ಇದೇ ಮಾತು.

ಮಂಗಳೂರು ಸೌತೆಯ ಎರಡೂ ಬ್ಯಾಗನ್ನ ಹೊರಗೆ ಎಳೆದು ಹಾಕಿದೆ, ಎಳೆಯುವಾಗ ಒಂದರ ಬಳ್ಳಿ ಅರ್ಧಕ್ಕೆ ಮುರೀತು. ಇನ್ನೊಂದರಲ್ಲಿ ಮೊನ್ನೆ ಜೇನು ಕಂಡೆ, ಒಂದು ಕಾಯಿ ನಿಂಬೆಹಣ್ಣಿನಷ್ಟಾಗಿದೆ. ಬಿಸಿ ನೆಲಕ್ಕೆ ತಾಗದ ಹಾಗೆ ಅಡಿಗೆ ತೆಂಗಿನ ಗರಿ ಇಟ್ಟಿದ್ದೇನೆ. ಅಕ್ಕಾ, ಅದನ್ನ ಯಾವಾಗ ಕೀಳಬೇಕು?

ಅಡಿಕೆತೋಟದ_ಅಕ್ಕ

ಅವಸರ ಮಾಡಬೇಡಿ. ಮೈ ಹಳದಿ ತಿರುಗಿ, ಉಗುರು ಒತ್ತಿದರೆ ಸಿಪ್ಪೆ ಗಟ್ಟಿ ಅನ್ನಿಸಬೇಕು. ತೊಟ್ಟು ಎರಡಿಂಚು ಬಿಟ್ಟು ಕೊಯ್ಯಿರಿ. ಬಾಳೆನಾರಿನಲ್ಲಿ ಕಟ್ಟಿ ಗಾಳಿ ಆಡೋ ಕಡೆ ಸೂರಿಗೆ ನೇತುಹಾಕಿದರೆ ತಿಂಗಳುಗಟ್ಟಲೆ ಇರ್ತದೆ. ನಮ್ಮ ಅತ್ತೆಯವರ ಅಟ್ಟದಲ್ಲಿ ಮಳೆಗಾಲ ಮುಗಿಯೋ ತನಕ ತೂಗ್ತಿದ್ದವು.

ಮುಳ್ಳುಸೌತೆಯಲ್ಲಿ ನಿಂತ ಏಳರಲ್ಲಿ ಒಂದನ್ನ ಬಳ್ಳಿಯಲ್ಲೇ ಹಣ್ಣಾಗೋಕೆ ಬಿಡಿ, ಬೀಜಕ್ಕೆ. ಅದು ಅಮ್ಮ ಸವರಿದ್ದೇ ಆಗಿರಲಿ. ಉಳಿದದ್ದು ತುರಿದು ಅಕ್ಕಿಯ ಜೊತೆ ರುಬ್ಬಿ ತೆಳ್ಳೇವು, ಅಂದ್ರೆ ತೆಳು ದೋಸೆ ಮಾಡಿ, ಜೋನಿ ಬೆಲ್ಲ ಇದ್ದರೆ ಇನ್ನೇನೂ ಬೇಡ.